ಕ್ರಿಸ್ಟಲ್ ಬೇಗ ಏಳಬೇಕು: ಒಂದೇ ಬೋರ್ಡ್ ಮೇಲೆ ಐದು ಪ್ರಯತ್ನ

ಬ್ಯಾಟರಿ ಮೇಲೆ ನಡೆಯುವ ರೇಡಿಯೋ ಸೆನ್ಸರ್ ಒಂದನ್ನು ಮಾಡುತ್ತಿದ್ದೆ. ಎದ್ದು, ಅಳತೆ ತೆಗೆದು, ಒಂದು ಪ್ಯಾಕೆಟ್ ಕಳಿಸಿ ಮತ್ತೆ ಮಲಗುವುದಷ್ಟೇ ಅದರ ಕೆಲಸ. ಪ್ಯಾಕೆಟ್ ಹೋಗಲು 1 ಮಿಲಿಸೆಕೆಂಡೂ ಬೇಡ. ಆದರೆ ಚಿಪ್‌ಗೂ ರೇಡಿಯೋಗೂ ತಾಳ ಕೊಡುವ 16 ಮೆಗಾಹರ್ಟ್ಸ್ ಕ್ರಿಸ್ಟಲ್ (ಕ್ವಾರ್ಟ್ಜ್ ಹರಳು) ಎದ್ದು ಸ್ಥಿರವಾಗಲು 2 ಮಿಲಿಸೆಕೆಂಡ್ ದಾಟುತ್ತಿತ್ತು. ಕೆಲಸಕ್ಕಿಂತ ಕಾಯುವುದಕ್ಕೇ ಬ್ಯಾಟರಿ ಖರ್ಚು!

ಮೊದಲು ಅಳೆಯುವ ವಿಷಯ. ಆಸಿಲೋಸ್ಕೋಪ್ ಪ್ರೋಬನ್ನು ನೇರವಾಗಿ ಕ್ರಿಸ್ಟಲ್ ಕಾಲಿಗೆ ಇಡಬೇಡಿ. ಮಾಮೂಲಿ ಪ್ರೋಬ್ ಸುಮಾರು 10 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಸೇರಿಸುತ್ತದೆ, ಆಗ ನೀವು ನೋಡುತ್ತಿರುವುದು ಬೇರೆಯೇ ಸರ್ಕ್ಯೂಟ್. ಚಿಪ್‌ನ ಕ್ಲಾಕ್ ಔಟ್‌ಪುಟ್ ಪಿನ್ ಒಂದು ಚಾನೆಲ್‌ಗೆ, ಎದ್ದ ಕೂಡಲೇ ಮೇಲೇರುವ ಪಿನ್ ಇನ್ನೊಂದಕ್ಕೆ ಕೊಟ್ಟು ಅಳೆದೆ.

ಡ್ರೈವ್, ಅಂದರೆ ಕ್ರಿಸ್ಟಲ್ಲನ್ನು ಕುಣಿಸಲು ಚಿಪ್ ಹಾಕುವ ಬಲ, ಹೆಚ್ಚಿಸುವುದು ಎಲ್ಲಕ್ಕಿಂತ ಸುಲಭ, ಚಿಪ್‌ನ ರಿಜಿಸ್ಟರ್‌ನಲ್ಲಿ ಒಂದು ಬದಲಾವಣೆ ಅಷ್ಟೇ. ಸಮಯ ಸುಮಾರು ಅರ್ಧಕ್ಕಿಳಿಯಿತು. ಕೊನೆಯ ಮಟ್ಟಕ್ಕೆ ಏರಿಸಿದಾಗ ಮಾತ್ರ ಲಾಭವೇನೂ ಕಾಣಲಿಲ್ಲ. ಕ್ರಿಸ್ಟಲ್‌ನ ಎರಡು ತಟ್ಟೆಗಳ ನಡುವಿನ ಕೆಪಾಸಿಟೆನ್ಸ್ ಒಂದು ಹಂತದ ನಂತರ ನೆಗೆಟಿವ್ ರೆಸಿಸ್ಟೆನ್ಸನ್ನು (ಹರಳಿನ ನಷ್ಟ ತುಂಬಿ ಕಂಪನ ಬೆಳೆಸುವ ಸರ್ಕ್ಯೂಟ್‌ನ ಶಕ್ತಿ) ತಿಂದುಬಿಡುತ್ತದೆ. ಶುರುವಾದ ಮೇಲೆ ಡ್ರೈವ್ ಇಳಿಸುವುದನ್ನೂ ಮರೆಯಬಾರದು, ಇಲ್ಲದಿದ್ದರೆ ಕ್ರಿಸ್ಟಲ್ ಮೇಲೆ ಸುಮ್ನೆ ಒತ್ತಡ.

ನನಗೆ ನಿಜವಾಗಿ ಹಿಡಿಸಿದ್ದು ಲೋಡ್ ಕೆಪಾಸಿಟೆನ್ಸ್ (ಸರಿಯಾದ ಫ್ರೀಕ್ವೆನ್ಸಿಗೆ ಕ್ರಿಸ್ಟಲ್ ಸುತ್ತ ಇರಬೇಕಾದ ಕೆಪಾಸಿಟೆನ್ಸ್) ಇಳಿಸುವ ದಾರಿ. 18 ಪಿಕೋಫ್ಯಾರಡ್ ಕ್ರಿಸ್ಟಲ್ ತೆಗೆದು, ಅದೇ ಅಳತೆಯ 8 ಪಿಕೋಫ್ಯಾರಡ್‌ನದು ಹಾಕಿದೆ. ಪಕ್ಕದ 33 ಪಿಕೋಫ್ಯಾರಡ್ ಕೆಪಾಸಿಟರ್‌ಗಳ ಜಾಗಕ್ಕೆ 12 ಬಂದವು. ಕರೆಂಟ್ ಹೆಚ್ಚಿಸದೆಯೇ ನೆಗೆಟಿವ್ ರೆಸಿಸ್ಟೆನ್ಸ್ ಏರಿತು, ಸಮಯ 1 ಮಿಲಿಸೆಕೆಂಡ್‌ಗಿಂತ ಕೆಳಗೆ ಬಂತು. ಇದಕ್ಕೂ ಒಂದು ಬೆಲೆ ಇದೆ. ತಟ್ಟೆಗಳ ನಡುವೆ 2 ಪಿಕೋಫ್ಯಾರಡ್ ಇದೆ ಅಂದುಕೊಂಡರೆ, ಬೋರ್ಡ್‌ನ ಟ್ರ್ಯಾಕ್‌ನಿಂದ (ತಾಮ್ರದ ಗೆರೆ) ಬೇಡದೆಯೇ ಸೇರುವ 1 ಪಿಕೋಫ್ಯಾರಡ್ ಈಗ ಫ್ರೀಕ್ವೆನ್ಸಿಯನ್ನು ಮೊದಲಿಗಿಂತ ಸುಮಾರು 4 ಪಟ್ಟು ಜಾಸ್ತಿ ಎಳೆಯುತ್ತದೆ. ಹಾಗಾಗಿ ಟ್ರ್ಯಾಕ್‌ಗಳನ್ನು ಗಿಡ್ಡ ಮಾಡಿ ಬೋರ್ಡನ್ನೇ ಇನ್ನೊಮ್ಮೆ ಹಾಕಿದೆ. ಅಂದ ಹಾಗೆ, ಜಾಗ ಉಳಿಸಲು ಇನ್ನೂ ಪುಟ್ಟ ಕ್ರಿಸ್ಟಲ್ ಹಾಕಿ ನೋಡಿದಾಗ ಸಮಯ ಮತ್ತೆ ಏರಿತು. ಪುಟ್ಟ ಹರಳಿನಲ್ಲಿ ಒಳಗಿನ ರೆಸಿಸ್ಟೆನ್ಸ್, ಇಂಡಕ್ಟೆನ್ಸ್ ಎರಡೂ ಸಾಮಾನ್ಯವಾಗಿ ಜಾಸ್ತಿ.

ಕ್ರಿಸ್ಟಲ್ ಬದಲು ಹಾಕಬಹುದಾದ ಸೆರಾಮಿಕ್ ರೆಸೋನೇಟರ್? ವೇಗದಲ್ಲಿ ಅದೇ ಗೆದ್ದಿತು, 0.1 ಮಿಲಿಸೆಕೆಂಡ್ ಆಸುಪಾಸು. ಆದರೆ ಮಾಮೂಲಿ ರೆಸೋನೇಟರ್ 0.5% ಆಚೀಚೆ ಹೋಗಬಹುದು, ಅಂದರೆ 5000 ಪಿಪಿಎಂ (ಹತ್ತು ಲಕ್ಷದಲ್ಲಿ 5000 ಭಾಗ). ನನ್ನಂಥ ಸೆನ್ಸರ್‌ಗಳು ಬಳಸುವ ಐಇಇಇ 802.15.4 ರೇಡಿಯೋ ಮಾನದಂಡ ಬಿಡುವುದು ಆಚೀಚೆ 40 ಪಿಪಿಎಂ ಮಾತ್ರ. ಸೀರಿಯಲ್ ಪೋರ್ಟ್‌ಗೆ ಸಾಕು, ರೇಡಿಯೋಗೆ ಆಗದು.

ಹೊರಗಿನಿಂದ ಪಲ್ಸ್ ಕೊಟ್ಟು ಕ್ರಿಸ್ಟಲ್ಲನ್ನು ಎಬ್ಬಿಸುವುದನ್ನೂ ನೋಡಿದೆ. ಸಿಗ್ನಲ್ ಜನರೇಟರ್‌ನಿಂದ ಸರಿಯಾದ ಫ್ರೀಕ್ವೆನ್ಸಿ ಕೊಟ್ಟರೆ ತಕ್ಷಣ ಏಳುತ್ತದೆ, ನೋಡಲು ಬಹಳ ಖುಷಿ. ಚಿಪ್ ಒಳಗಿನ ಆರ್‌ಸಿ ಆಸಿಲೇಟರ್‌ನಿಂದ (ಹರಳಿಲ್ಲದೆ, ರೆಸಿಸ್ಟರ್ ಮತ್ತು ಕೆಪಾಸಿಟರ್‌ನಿಂದ ನಡೆಯುವ ಕ್ಲಾಕ್) ಕೊಟ್ಟಾಗ ಏನೂ ಪ್ರಯೋಜನವಾಗಲಿಲ್ಲ. ಅದು 1% ತಪ್ಪಿದರೂ ಹರಳು ಸ್ಪಂದಿಸುವುದಿಲ್ಲ. ಫ್ರೀಕ್ವೆನ್ಸಿಯನ್ನು ಆಚೀಚೆ ಓಡಿಸುವ ಸರ್ಕ್ಯೂಟ್ ಚಿಪ್ ಒಳಗೇ ಇದ್ದರೆ ಮಾತು ಬೇರೆ.

ಕೊನೆಗೆ ಉಳಿಸಿಕೊಂಡಿದ್ದು 8 ಪಿಕೋಫ್ಯಾರಡ್ ಕ್ರಿಸ್ಟಲ್. ಆರ್‌ಸಿ ಆಸಿಲೇಟರ್ ಕೆಲವೇ ಮೈಕ್ರೋಸೆಕೆಂಡ್‌ನಲ್ಲಿ ಏಳುವುದರಿಂದ ಅಳತೆ ತೆಗೆಯುವುದು, ಪ್ಯಾಕೆಟ್ ಕಟ್ಟುವುದು ಎಲ್ಲ ಅದರ ಮೇಲೆ ನಡೆಯುತ್ತದೆ. ಅಷ್ಟರಲ್ಲಿ ಹಿಂದೆ ಕ್ರಿಸ್ಟಲ್ ತಯಾರಾಗಿರುತ್ತದೆ. ಈಗ ಪ್ರತಿ ಹೊಸ ಬ್ಯಾಚ್‌ನ ಒಂದು ಬೋರ್ಡ್‌ನಲ್ಲಿ ಕ್ರಿಸ್ಟಲ್‌ಗೆ ಸರಣಿಯಲ್ಲಿ 300 ಓಮ್ ರೆಸಿಸ್ಟರ್ ಬೆಸೆದು, ಕಡಿಮೆ ವೋಲ್ಟೇಜ್‌ನಲ್ಲಿ ಶುರುಮಾಡಿ ನೋಡುತ್ತೇನೆ. ನನ್ನ ಕ್ರಿಸ್ಟಲ್‌ನ ಸ್ವಂತ ರೆಸಿಸ್ಟೆನ್ಸ್ 60 ಓಮ್. ಅದರ 5 ಪಟ್ಟು ಸೇರಿಸಿದರೂ ಎದ್ದರೆ ಮಾತ್ರ ಆ ಬ್ಯಾಚ್ ಹೊರಗೆ ಹೋಗುತ್ತದೆ.