ಯೆಜ್ಡಿ 250ರ ಡೈನಮೋ ಬ್ರಷ್: ಸಿದ್ಧ ಜೊತೆಯೋ, ಅಳತೆಗೆ ಮಾಡಿಸಿದ್ದೋ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದ ಮೇಲೂ ಯೆಜ್ಡಿ 250 ಬೈಕಿನ ಬಿಡಿಭಾಗಗಳು ಹೇಗೋ ಸಿಗುತ್ತಿವೆ. ಆದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಡೈನಮೋದಲ್ಲಿ, ತಿರುಗುವ ಭಾಗಕ್ಕೆ ಒತ್ತಿಕೊಂಡು ಕರೆಂಟನ್ನು ಹೊರತರುವ ಕಾರ್ಬನ್ ಬ್ರಷ್‌ನಂತಹ ಸಣ್ಣ ಸಾಮಾನಿನ ಗುಣವನ್ನು ಕೊಳ್ಳುವವರೇ ಪರೀಕ್ಷಿಸಿಕೊಳ್ಳಬೇಕಾಗಿದೆ. ನನ್ನ 6 ವೋಲ್ಟಿನ ಗಾಡಿಗೆ ಎರಡು ಬಗೆಯ ಬ್ರಷ್ ಹಾಕಿ ಓಡಿಸಿ ನೋಡಿದ್ದೇನೆ. ಒಂದು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ, ತಯಾರಕರ ಹೆಸರಿಲ್ಲದ ಸಿದ್ಧ ಜೊತೆ. ಇನ್ನೊಂದು, ಮೋಟಾರ್ ರೀವೈಂಡಿಂಗ್ ಮಾಡುವ ಅಂಗಡಿಯೊಂದರಲ್ಲಿ ಹಳೆಯ ಬ್ರಷ್ಷನ್ನೇ ಮಾದರಿಯಾಗಿ ಕೊಟ್ಟು, ಅದೇ ಅಳತೆಗೆ ಮಾಡಿಸಿಕೊಂಡ ಜೊತೆ. ನಾನು ಕೊಂಡಾಗ ಎರಡೂ ಇನ್ನೂರು ರೂಪಾಯಿಯ ಒಳಗೇ ಇದ್ದುದರಿಂದ ಬೆಲೆಯನ್ನು ನೋಡಿ ಆರಿಸುವ ಪ್ರಶ್ನೆ ಇರಲಿಲ್ಲ.

ಈ ಗಾಡಿಯಲ್ಲಿ ಬ್ರಷ್ಷಿಗೆ ಇಷ್ಟು ಮಹತ್ವ ಏಕೆ ಎಂಬುದನ್ನು ಮೊದಲು ಹೇಳಬೇಕು. ಬುಲೆಟ್‌ನ ಆಲ್ಟರ್ನೇಟರಿನಲ್ಲಿ ತಿರುಗುವುದು ಶಾಶ್ವತ ಅಯಸ್ಕಾಂತವಾದ್ದರಿಂದ ಅಲ್ಲಿ ಬ್ರಷ್ಷೇ ಇಲ್ಲ. ಹಳೆಯ ಬಿಎಂಡಬ್ಲ್ಯು ಬಾಕ್ಸರ್ ಬೈಕುಗಳ ಬಾಷ್ ಆಲ್ಟರ್ನೇಟರಿನಲ್ಲಿ ಬ್ರಷ್ ಇದ್ದರೂ ಅದು ಸ್ಲಿಪ್ ರಿಂಗುಗಳೆಂಬ ಲೋಹದ ಬಳೆಗಳ ಮೂಲಕ, ಅಯಸ್ಕಾಂತವಾಗಿ ಕೆಲಸ ಮಾಡುವ ಫೀಲ್ಡ್ ಸುರುಳಿಗೆ ಬೇಕಾದ ಅಲ್ಪ ಕರೆಂಟನ್ನು ಮಾತ್ರ ಸಾಗಿಸುತ್ತದೆ. ಯೆಜ್ಡಿಯ ಡೈನಮೋದಲ್ಲಾದರೋ ಆರ್ಮೇಚರಿನಲ್ಲಿ, ಅಂದರೆ ತಿರುಗುವ ಸುರುಳಿಯಲ್ಲಿ, ಹುಟ್ಟುವ ಕರೆಂಟು ಪೂರ್ತಿಯಾಗಿ ಅದರ ತುದಿಯಲ್ಲಿರುವ ತಾಮ್ರದ ಪಟ್ಟಿಗಳ ಉರುಳೆಯಾದ ಕಮ್ಯುಟೇಟರನ್ನೂ ಎರಡು ಬ್ರಷ್ಷುಗಳನ್ನೂ ದಾಟಿಯೇ ಹೊರಬರಬೇಕು. ಆದ್ದರಿಂದ ಇಲ್ಲಿ ಕಿಡಿಯೂ ಹೆಚ್ಚು, ಸವೆತವೂ ಹೆಚ್ಚು. ಬುಲೆಟ್‌ಗಳಲ್ಲಿ ಕೈ ಪಳಗಿಸಿಕೊಂಡ ಮೆಕ್ಯಾನಿಕರು ಚಾರ್ಜ್ ಆಗದ ಯೆಜ್ಡಿಯನ್ನು ಕಂಡೊಡನೆ ಬ್ಯಾಟರಿ ಬದಲಿಸಿ ಎನ್ನುವುದುಂಟು. ಹೊಸ ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ. ಇಗ್ನಿಷನ್ ಕೂಡ ಬ್ಯಾಟರಿಯನ್ನೇ ನಂಬಿರುವುದರಿಂದ ರಾತ್ರಿ ಹೆಡ್‌ಲೈಟ್ ಹಾಕಿದಾಗ ಎಂಜಿನ್ ಮಿಸ್ ಹೊಡೆಯತೊಡಗುತ್ತದೆ.

ಲಕ್ಷಣವನ್ನು ಹೆಡ್‌ಲ್ಯಾಂಪಿನ ಮೇಲಿನ ಕೆಂಪು ದೀಪವೇ ತೋರಿಸುತ್ತದೆ. ಐಡಲಿನಲ್ಲಿ ಅದು ಉರಿಯುವುದು ಸಹಜ, ಆದರೆ ಆಕ್ಸಿಲರೇಟರ್ ಕೊಟ್ಟ ಮೇಲೂ ಮಂಕಾಗಿ ಮಿನುಗುತ್ತಿದ್ದರೆ ಎಂಜಿನ್ನಿನ ಬಲಗಡೆಯಲ್ಲಿ ಡೈನಮೋವನ್ನು ಮುಚ್ಚಿರುವ ಕವರ್ ಬಿಚ್ಚಬೇಕು. ಬ್ಯಾಟರಿಯ ತುದಿಗಳಿಗೆ ಮಲ್ಟಿಮೀಟರ್ ಹಿಡಿದಾಗ ಮಧ್ಯಮ ವೇಗದಲ್ಲಿ 7 ವೋಲ್ಟಿನ ಆಸುಪಾಸು ಬರಬೇಕು, 6.3ರಲ್ಲೇ ನಿಂತಿದ್ದರೆ ಚಾರ್ಜ್ ಆಗುತ್ತಿಲ್ಲವೆಂದೇ ಅರ್ಥ. ಆಗ ಒಣಗಿದ ಬಿದಿರಿನ ಕಡ್ಡಿಯಿಂದ ಬ್ರಷ್ಷಿನ ಬೆನ್ನನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಒತ್ತಿದೊಡನೆ ವೋಲ್ಟೇಜ್ ಏರಿ ಕೆಂಪು ದೀಪ ಆರಿದರೆ ದೋಷ ಬ್ರಷ್ಷಿನದು ಅಥವಾ ಅದರ ಸ್ಪ್ರಿಂಗಿನದು. ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರನ್ನು ಬಿಚ್ಚುವ ಗೋಜಿಗೆ ಹೋಗಬೇಕಾಗಿಲ್ಲ. ಆರ್ಮೇಚರ್ ತಿರುಗುತ್ತಿರುವಾಗ ಮಾಡುವ ಕೆಲಸವಿದು, ಅಂಗಿಯ ತೋಳು ಮಡಚಿಕೊಂಡೇ ಮಾಡಿ.

ಬ್ರಷ್ ತೆಗೆಯುವುದಕ್ಕೆ ಆರ್ಮೇಚರನ್ನು ಕಳಚಬೇಕಾಗಿಲ್ಲ. ಸ್ಪ್ರಿಂಗಿನ ತೋಳನ್ನು ಕೊಕ್ಕೆಯಿಂದ ಎತ್ತಿದರೆ ಬ್ರಷ್ ಹೊರಬರುತ್ತದೆ. ಅದು ಸವೆದು, ಸ್ಪ್ರಿಂಗಿನ ತೋಳು ಹೋಲ್ಡರಿನ ಅಂಚಿಗೆ ತಾಗುವ ಹಂತಕ್ಕೆ ಬಂದಿದ್ದರೆ ಒತ್ತಡ ಕಮ್ಯುಟೇಟರಿಗೆ ತಲುಪುವುದಿಲ್ಲ. ಹಾಗಾದ ಮೇಲೆ ಉಳಿದ ಉದ್ದ ಎಷ್ಟಿದ್ದರೂ ಆ ಬ್ರಷ್ ಕೆಲಸಕ್ಕೆ ಬಾರದು.

ಜೆ.ಸಿ. ರಸ್ತೆಯ ಸಿದ್ಧ ಜೊತೆ ನನಗೆ ಒಪ್ಪಿಗೆಯಾಗಲಿಲ್ಲ. ಒಂದು ಬ್ರಷ್ ಹೋಲ್ಡರಿನೊಳಗೆ ಬಿಗಿಯಾಗಿ ಸಿಕ್ಕಿಕೊಂಡಿತು; ಗಾಜಿನ ಮೇಲೆ ನಯವಾದ ಉಪ್ಪುಕಾಗದ ಹಾಸಿ, ಪಕ್ಕಗಳನ್ನು ಸಮನಾಗಿ ಉಜ್ಜಿದ ಮೇಲಷ್ಟೇ ಸರಾಗವಾಗಿ ಜಾರಿತು. ಅದನ್ನಾದರೂ ಸಹಿಸಬಹುದಿತ್ತು. ಬ್ರಷ್ಷಿಗೆ ಸೇರಿಸಿದ ತಂತಿ ಮಾತ್ರ ಎಷ್ಟು ಪೆಡಸಾಗಿತ್ತೆಂದರೆ, ಸ್ಪ್ರಿಂಗ್ ಒತ್ತುವುದನ್ನು ತಂತಿ ತಡೆದು, ಬ್ರಷ್ಷಿನ ಒಂದು ಅಂಚನ್ನು ಕಮ್ಯುಟೇಟರಿನಿಂದ ಎತ್ತಿಬಿಡುತ್ತಿತ್ತು. ಸ್ವಲ್ಪ ಓಡಿಸಿ ಬಿಚ್ಚಿ ನೋಡಿದಾಗ ತಾಮ್ರದ ಪಟ್ಟಿಗಳ ಮೇಲೆ ಕಪ್ಪು ಗೆರೆಗಳು ಮೂಡಿದ್ದವು, ಬ್ರಷ್ಷಿನ ಮುಖದಲ್ಲಿ ಅರ್ಧ ಭಾಗ ಮಾತ್ರ ಹೊಳೆಯುತ್ತಿತ್ತು.

ಮಾಡಿಸಿಕೊಂಡ ಜೊತೆಯಲ್ಲಿ ಕಾರ್ಬನ್ನಿಗೆ ತಾಮ್ರ ಬೆರೆತಿದೆ. ಉಜ್ಜಿದ ಜಾಗವನ್ನು ಬಿಸಿಲಿಗೆ ಹಿಡಿದರೆ ಕೆಂಪಗಿನ ಕಣಗಳು ಕಾಣುತ್ತವೆ. ತಂತಿಯೋ ಎಳೆ ಎಳೆಯಾಗಿ ಹೆಣೆದದ್ದು, ಬೆರಳಿಗೆ ದಾರದಷ್ಟು ಮೆತ್ತಗೆ. ತಾಮ್ರವಿಲ್ಲದ ಬ್ರಷ್ಷಿನಲ್ಲಿ ಒಂದೊಂದಕ್ಕೂ ಸುಮಾರು 1 ವೋಲ್ಟ್ ನಷ್ಟವಾಗಬಹುದು. ಎರಡಕ್ಕೂ ಸೇರಿ ಅಷ್ಟು ನಷ್ಟವನ್ನು 12 ವೋಲ್ಟಿನ ಗಾಡಿ ತಾಳಿಕೊಂಡೀತು, 6 ವೋಲ್ಟಿನ ಗಾಡಿಗೆ ಅದು ದೊಡ್ಡ ಪಾಲು. ತಾಮ್ರ ಬೆರೆತ ಬ್ರಷ್ಷಿನಲ್ಲಿ ಈ ನಷ್ಟ ಬಹಳ ಕಡಿಮೆ, ಆದಕಾರಣ ನಿಧಾನವಾಗಿ ಓಡುವಾಗಲೇ ಚಾರ್ಜಿಂಗ್ ಶುರುವಾಗುತ್ತದೆ. ಊರೊಳಗಿನ ಓಡಾಟದಲ್ಲೂ ನನ್ನ ಗಾಡಿಯ ಕೆಂಪು ದೀಪ ಈಗ ಮೊದಲಿಗಿಂತ ಬೇಗ ಆರುತ್ತಿದೆ.

ಈ ಜೊತೆಯಲ್ಲೂ ಕೊರತೆಗಳಿವೆ. ತಂತಿಯ ತುದಿಗೆ ಲಗ್ (ಜೋಡಣೆಗೆ ಬೇಕಾದ ಲೋಹದ ತುಣುಕು) ಹಾಕಿಕೊಟ್ಟಿರಲಿಲ್ಲ, ನಾನೇ ಬೆಸುಗೆ ಹಾಕಿಕೊಳ್ಳಬೇಕಾಯಿತು. ಅದಕ್ಕಿಂತ ಮುಖ್ಯವಾಗಿ, ಸವೆದ ಪುಡಿಯಲ್ಲಿ ತಾಮ್ರ ಇರುವುದರಿಂದ ಅದು ಕಮ್ಯುಟೇಟರಿನ ಪಟ್ಟಿಗಳ ನಡುವಿನ ಸಂದಿಯಲ್ಲೂ ಇನ್ಸುಲೇಟ್ ಮಾಡಿದ ಹೋಲ್ಡರಿನ ಸುತ್ತಲೂ ಕೂತರೆ ಕರೆಂಟು ಅಡ್ಡದಾರಿ ಹಿಡಿಯುತ್ತದೆ. ಇಗ್ನಿಷನ್ನಿನ ಸ್ವಿಚ್ಚಿನಂತಿರುವ ಕಾಂಟ್ಯಾಕ್ಟ್ ಪಾಯಿಂಟ್ ಕೂಡ ಅದೇ ಕವರಿನೊಳಗೆ ಇರುವುದನ್ನು ಮರೆಯಬಾರದು. ಪಾಯಿಂಟ್ ಸರಿಪಡಿಸುವಾಗಲೆಲ್ಲ ಒಣ ಕುಂಚದಿಂದ ಗುಡಿಸಿ, ಗಾಳಿ ಹೊಡೆಸುವುದು ಅಗತ್ಯ.

ಯಾವ ಜೊತೆಯನ್ನೇ ಹಾಕಿದರೂ ಅದರ ಮುಖವನ್ನು ಕಮ್ಯುಟೇಟರಿನ ದುಂಡಿಗೆ ಹೊಂದಿಸಬೇಕು. ನಯವಾದ ಉಪ್ಪುಕಾಗದದ ಪಟ್ಟಿಯನ್ನು ಒರಟು ಮುಖ ಹೊರಗಿರುವಂತೆ ಕಮ್ಯುಟೇಟರಿಗೆ ಸುತ್ತಿ, ಸ್ಪಾರ್ಕ್ ಪ್ಲಗ್ ತೆಗೆದು, ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದರೆ ಸಾಕು. ಎಮರಿ ಕಾಗದ ಬೇಡವೇ ಬೇಡ, ಅದರ ಗಟ್ಟಿ ಕಣಗಳು ಬ್ರಷ್ಷಿನಲ್ಲಿ ನಾಟಿಕೊಂಡು ತಾಮ್ರವನ್ನು ಕೆರೆಯುತ್ತವೆ. ಪಟ್ಟಿಗಳ ನಡುವಿನ ಅಭ್ರಕ ತಾಮ್ರದ ಮಟ್ಟಕ್ಕೇ ಬಂದಿದ್ದರೆ ಹೊಸ ಬ್ರಷ್ಷೂ ಕುಣಿಯುತ್ತದೆ. ಅಂಥ ಆರ್ಮೇಚರನ್ನು ಲೇತಿನವರ ಕೈಗೆ ಕೊಡುವುದೇ ಸರಿ.

ಆದ್ದರಿಂದ ನಾನು ಮಾಡಿಸಿಕೊಂಡ ಜೊತೆಯನ್ನೇ ಶಿಫಾರಸು ಮಾಡುತ್ತೇನೆ. ಅಂಗಡಿಗೆ ಹೋಗುವಾಗ ಹಳೆಯ ಬ್ರಷ್ಷಿನ ಜೊತೆಗೆ ಸಾಧ್ಯವಾದರೆ ಹೋಲ್ಡರ್ ಇರುವ ಸ್ಟೇಟರನ್ನೂ (ಡೈನಮೋದ ತಿರುಗದ ಭಾಗವನ್ನೂ) ಒಯ್ಯಿರಿ, ಸವೆದ ಬ್ರಷ್ಷಿನ ಅಗಲ ಮೂಲದ ಅಳತೆಯೇ ಆಗಿರಬೇಕೆಂದಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ದೂರದಿಂದ ಗಾಡಿ ಓಡಿಸಿಕೊಂಡು ಬರುವವರು ಇಂಥದೇ ಇನ್ನೊಂದು ಜೊತೆಯನ್ನು, ಮುಖ ಹೊಂದಿಸಿ ಲಗ್ ಬೆಸೆದು, ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.