ಎರಡು ಕ್ರಿಪ್ಟೊ ಎಕ್ಸ್‌ಚೇಂಜ್‌ಗಳು: ದುಡ್ಡು ವಾಪಸ್ ಪಡೆಯುವಾಗ ಕಂಡ ವ್ಯತ್ಯಾಸ

ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ನಾಣ್ಯ ಕೊಂಡು ಮಾರುವ ಎರಡು ಎಕ್ಸ್‌ಚೇಂಜ್‌ಗಳನ್ನು ನಾನು ಬಳಸಿ ನೋಡಿದ್ದೇನೆ. ಶಿರಸಿ ಸೀಮೆಯ ನನ್ನಂಥ ಅಡಿಕೆ ಬೆಳೆಗಾರನಿಗೆ ಅವುಗಳಲ್ಲಿ ಯಾವುದು ಆದೀತೆಂದು ಕೇಳಿದರೆ, ಶುಲ್ಕ ಹೆಚ್ಚಿದ್ದರೂ ಎರಡನೆಯದೇ ಎಂದು ಮೊದಲೇ ಹೇಳಿಬಿಡುತ್ತೇನೆ. ಎರಡೂ ನಮ್ಮ ದೇಶದವು, ಎರಡೂ ಅನುಮಾನಾಸ್ಪದ ವ್ಯವಹಾರಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡಿರುವವು. ಹೆಸರು ಹೇಳುವುದಿಲ್ಲ.

ತೆರಿಗೆಯ ವಿಷಯದಲ್ಲಿ ಎರಡಕ್ಕೂ ಭೇದವಿಲ್ಲ. ಲಾಭದ ಮೇಲೆ ಶೇ 30, ಮಾರುವಾಗ ಶೇ 1 ಟಿಡಿಎಸ್, ಅಂದರೆ ಹಣ ಕೈಗೆ ಬರುವ ಮುಂಚೆಯೇ ಕಡಿತವಾಗುವ ತೆರಿಗೆ. ನಷ್ಟವಾದರೆ ಅದು ನಮ್ಮ ತಲೆಯ ಮೇಲೆಯೇ.

ಮೊದಲನೆಯದರಲ್ಲಿ ಖಾತೆ ತೆರೆಯಲು ಹತ್ತು ನಿಮಿಷವೂ ಹಿಡಿದಿರಲಿಲ್ಲ. ಕಷ್ಟ ಶುರುವಾದದ್ದು ಮೇ ತಿಂಗಳ ಕೊನೆಗೆ, ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲಕ್ಕೆ ಮುಂಚೆ ಹೊಡೆಯುವ ಬೋರ್ಡೊ (ಸುಣ್ಣ, ಮೈಲುತುತ್ತದ ದ್ರಾವಣ) ಸಿಂಪಡಣೆಗೆಂದು 1,80,000 ರೂಪಾಯಿಯ ಬಿಟ್‌ಕಾಯಿನ್ ಮಾರಿದಾಗ. ಟಿಡಿಎಸ್ಸಿನ 1,800 ರೂಪಾಯಿ ಆ ಕ್ಷಣಕ್ಕೇ ಕಡಿತವಾಯಿತು. ಉಳಿದ ಹಣ ಮಾತ್ರ ‘ಪರಿಶೀಲನೆಯಲ್ಲಿದೆ’ ಎಂಬ ಹಳದಿ ಪಟ್ಟಿಯ ಕೆಳಗೆ ಕುಳಿತುಬಿಟ್ಟಿತು. ಮೂರನೆಯ ದಿನ ಬಂದ ಮಿಂಚಂಚೆಯಲ್ಲಿ, ಬಿಟ್‌ಕಾಯಿನ್ ಕೊಂಡ ಹಣ ಎಲ್ಲಿಂದ ಬಂದಿತ್ತೆಂಬುದಕ್ಕೆ ಸಂಬಳದ ಚೀಟಿಯನ್ನೋ ಆದಾಯ ತೆರಿಗೆ ವಿವರವನ್ನೋ ಕಳಿಸಬೇಕೆಂದಿತ್ತು. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಅದುವರೆಗೆ ಬೇರೆ ಆದಾಯವೂ ನನಗಿರಲಿಲ್ಲ. ಹಾಗಾಗಿ ಎರಡೂ ನನ್ನ ಹತ್ತಿರ ಇರಲಿಲ್ಲ.

ಇದ್ದದ್ದು ಪಹಣಿ ಮತ್ತು ಸೊಸೈಟಿಯಲ್ಲಿ ಅಡಿಕೆ ವಿಕ್ರಿಯಾದ ಪಟ್ಟಿ. ಅವನ್ನೇ ಕಳಿಸಿದೆ. ಕನ್ನಡದ ದಾಖಲೆ ನಡೆಯುವುದಿಲ್ಲ, ಇಂಗ್ಲಿಷ್ ಪ್ರತಿ ಬೇಕು ಎಂಬ ಉತ್ತರಕ್ಕೆ ಐದು ದಿನ ಹಿಡಿಯಿತು. ಪಟ್ಟಿಯನ್ನು ನಾನೇ ಕೂತು ಇಂಗ್ಲಿಷಿಗೆ ಇಳಿಸಿದೆ. ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳಿಗೆ ಇಂಗ್ಲಿಷ್ ಹೆಸರು ತಿಳಿಯದೆ ಉಚ್ಚಾರ ಇದ್ದ ಹಾಗೆಯೇ ಬರೆದೆ. ಅದಕ್ಕೆ ಬಂದ ಪ್ರಶ್ನೆಯನ್ನು ಮನೆಯಲ್ಲಿ ಓದಿ ಹೇಳಿದಾಗ ಅಮ್ಮನೂ ನಕ್ಕಳು: ನಾಲ್ಕು ಕ್ವಿಂಟಲ್ ‘ಬೆಟ್ಟೆ’ಯ ಆದಾಯ ಬೆಟ್ಟಿಂಗ್‌ನದೋ ಎಂದು ಕೇಳಿದ್ದರು. ಬೆಟ್ಟೆಯೆಂದರೆ ಅಡಿಕೆಯ ಒಂದು ಬಗೆ ಎಂದು ವಿವರಿಸಿ, ಸುಲಿದ ಅಡಿಕೆಯ ಫೋಟೊ ಲಗತ್ತಿಸಿ ಕಳಿಸಿದೆ. ಹಣ ಖಾತೆಗೆ ಬಿದ್ದದ್ದು ಹತ್ತೊಂಬತ್ತನೆಯ ದಿನ. ಅಷ್ಟರಲ್ಲಿ ಮಳೆ ಹಿಡಿದಿತ್ತು, ಮರ ಹತ್ತಿ ಸಿಂಪಡಿಸಲು ಮಾತಾಡಿಟ್ಟ ಕೊನೆಗೌಡ ಬೇರೆಯವರ ತೋಟಕ್ಕೆ ಹೋಗಿದ್ದ, ತಂದಿಟ್ಟ ಸುಣ್ಣ ಅಂಗಳದ ಮೂಲೆಯಲ್ಲಿ ತೇವ ಹಿಡಿದು ಗಟ್ಟಿಯಾಗಿತ್ತು. ಮೈಲುತುತ್ತವನ್ನು ಕೈಗಡ ಮಾಡಿ ತರಬೇಕಾಯಿತು.

ತಪ್ಪೆಲ್ಲ ಕಾನೂನಿನದೆಂದು ನಾನು ಹೇಳುವುದಿಲ್ಲ. 2023ರ ಮಾರ್ಚ್ 7ರ ಅಧಿಸೂಚನೆಯಿಂದ ಕ್ರಿಪ್ಟೊ ಸೇವೆ ಕೊಡುವವರು 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದರು. ಬ್ಯಾಂಕಿನ ಹಾಗೆಯೇ ಅವರೂ ಗ್ರಾಹಕನ ಗುರುತು ಪರಿಶೀಲಿಸಬೇಕು, ದಾಖಲೆ ಇಟ್ಟುಕೊಳ್ಳಬೇಕು, ಅನುಮಾನ ಬಂದ ವ್ಯವಹಾರವನ್ನು ವರದಿ ಮಾಡಬೇಕು, ವರದಿ ಮಾಡಿದ ಸಂಗತಿಯನ್ನು ಗ್ರಾಹಕನಿಗೆ ತಿಳಿಸಲೂ ಕೂಡದು. ಆದರೆ ಯಾವ ದಾಖಲೆ ಬೇಕು, ನೋಡಲು ಎಷ್ಟು ದಿನ ಬೇಕು ಎಂದು ಹೇಳುವುದಕ್ಕೆ ಈ ಗೋಪ್ಯತೆ ಅಡ್ಡ ಬರುವುದಿಲ್ಲವಲ್ಲ.

ಎರಡನೆಯ ಎಕ್ಸ್‌ಚೇಂಜ್ ಇದೇ ಪ್ರಶ್ನೆಗಳನ್ನು ಖಾತೆ ತೆರೆಯುವಾಗಲೇ ಕೇಳಿತು. ಉದ್ಯೋಗದ ಪಟ್ಟಿಯಲ್ಲಿ ‘ಕೃಷಿ’ ಎಂಬ ಆಯ್ಕೆಯೇ ಇತ್ತು, ಪಹಣಿಯನ್ನು ಕನ್ನಡದಲ್ಲಿಯೇ ಒಪ್ಪಿಕೊಂಡಿತು. ಹೆಸರು ತಾಳೆ ನೋಡಲು ನನ್ನ ಬ್ಯಾಂಕ್ ಖಾತೆಗೆ ಒಂದು ರೂಪಾಯಿ ಹಾಕಿದಾಗ, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿಯಿದ್ದು ಪಾಸ್‌ಬುಕ್ಕಿನಲ್ಲಿ ಬರೀ ಇನಿಶಿಯಲ್ ಇರುವುದು ಸಿಕ್ಕಿಬಿತ್ತು; ಬ್ಯಾಂಕಿಗೆ ಹೋಗಿ ಸರಿಪಡಿಸಿಕೊಂಡು ಬರುವಷ್ಟರಲ್ಲಿ ನಾಲ್ಕು ದಿನವಾಯಿತು. ಆಗ ಬೈದುಕೊಂಡಿದ್ದೆ. ಮರುವರ್ಷದ ಸಿಂಪಡಣೆಗೆ ಹೆಚ್ಚುಕಡಿಮೆ ಅಷ್ಟೇ ಮೊತ್ತ ತೆಗೆದಾಗ, ಮಧ್ಯಾಹ್ನದ ಊಟಕ್ಕೆ ಮುಂಚೆ ಒತ್ತಿದ ಹಣ ಊಟ ಮುಗಿಸಿ ಕವಳ ಹಾಕುವಷ್ಟರಲ್ಲಿ ಖಾತೆಗೆ ಬಂದಿತ್ತು.

ಎಕ್ಸ್‌ಚೇಂಜಿನ ಹೊರಗೆ ನಾವೇ ಇಟ್ಟುಕೊಳ್ಳುವ ಸ್ವಂತ ವಾಲೆಟ್ಟಿಗೆ (ಡಿಜಿಟಲ್ ಹಣಚೀಲ) ನಾಣ್ಯ ಕಳಿಸುವಾಗ ಎರಡೂ ಕಡೆ ವಾಲೆಟ್ ಯಾರದೆಂದು ಬರೆದುಕೊಡಬೇಕು; ಅದು ಎರಡು ನಿಮಿಷದ ಕೆಲಸ.

ಎಕ್ಸ್‌ಚೇಂಜನ್ನೇ ಬಿಟ್ಟು ನೇರವಾಗಿ ಇನ್ನೊಬ್ಬರಿಗೆ ಮಾರಿ ಯುಪಿಐಯಲ್ಲಿ ಹಣ ಪಡೆಯಬಹುದೆಂದು ಕಾರವಾರದ ನೆಂಟರೊಬ್ಬರು ಹೇಳಿದ್ದರು. ಕೊಳ್ಳುವವನ ಹಣ ಯಾರಿಗೋ ಮೋಸ ಮಾಡಿ ಬಂದದ್ದಾಗಿದ್ದು, ಮೋಸಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ, ಆ ಹಣ ಬಂದುಸೇರಿದ ಖಾತೆಗೂ ತಡೆ ಬೀಳುತ್ತದೆ. ನನ್ನ ಬೆಳೆಸಾಲ, ಅಡಿಕೆಯ ಹಣ ಎಲ್ಲ ಓಡಾಡುವುದು ಒಂದೇ ಖಾತೆಯಲ್ಲಿ. ಆ ದಾರಿಗೆ ನಾನು ಹೋಗಲಿಲ್ಲ.

ಎರಡನೆಯದರ ಶುಲ್ಕ ನನ್ನ ವ್ಯವಹಾರಕ್ಕೆ ವರ್ಷಕ್ಕೆ ಸುಮಾರು ಏಳುನೂರು ರೂಪಾಯಿ ಹೆಚ್ಚು ಬೀಳುತ್ತದೆ. ನಾನು ಮಾರುವುದು ವರ್ಷಕ್ಕೆ ಎರಡೇ ಸಲ, ಸಿಂಪಡಣೆಗೆ ಮುಂಚೆ ಮತ್ತು ಕೊಯ್ಲಿಗೆ ಮುಂಚೆ. ಆ ಎರಡು ಹೊತ್ತಿನಲ್ಲಿ ಹಣ ಹೇಳಿದ ದಿನಕ್ಕೆ ಕೈಗೆ ಬರಬೇಕು. ದಿನಾ ಕೊಂಡು ಮಾರುವವರಿಗೆ ಮೊದಲನೆಯದೇ ಅಗ್ಗವೆನಿಸಬಹುದು. ಅಲ್ಲಿ ನನ್ನದು ಇನ್ನೂ ಮೂರು ಸಾವಿರ ರೂಪಾಯಿಯಷ್ಟು ಬಿಟ್‌ಕಾಯಿನ್ ಉಳಿದಿದೆ. ಅದನ್ನು ತೆಗೆಯಲು ಇನ್ನೊಮ್ಮೆ ಬೆಟ್ಟೆಯ ಅರ್ಥ ಬರೆದುಕೊಡುವ ಉಮೇದು ನನಗಿಲ್ಲ.