ಪಗ್, ಸಾಸ್, ಎಮೆಟ್: 8 ವರ್ಷ ಬಳಸಿದ ಮೇಲೆ ಅನಿಸಿದ್ದು

ಎಚ್‌ಟಿಎಮ್‌ಎಲ್ (ವೆಬ್ ಪುಟ ಕಟ್ಟುವ ಭಾಷೆ) ಬರೆಯುವಾಗ ನನಗೆ ಮೊದಲಿಂದಲೂ ಬೇಜಾರು ತರಿಸಿದ್ದು ಟ್ಯಾಗ್ ಮುಚ್ಚುವ ಕೆಲಸ. ಒಂದು ಡಿವ್ ಟ್ಯಾಗ್ ಮುಚ್ಚೋದು ಮರೆತರೆ ಫೂಟರ್ (ಪುಟದ ಕೊನೆಯ ಭಾಗ) ಹೋಗಿ ಎಲ್ಲೋ ಕೂತಿರುತ್ತದೆ. ಅದಕ್ಕೇ 2017ರಲ್ಲಿ ಪಗ್ ಹಿಡಿದೆ, ಜೊತೆಗೆ ಸಾಸ್. ಪಗ್‌ನಲ್ಲಿ ಚುಟುಕಾಗಿ ಬರೆದು ಕಂಪೈಲ್ ಮಾಡಿದರೆ (ಅಂದರೆ ಪರಿವರ್ತಿಸಿದರೆ) ಎಚ್‌ಟಿಎಮ್‌ಎಲ್ ಬರುತ್ತದೆ; ಸಾಸ್‌ನಿಂದ ಅದೇ ರೀತಿ ಸಿಎಸ್‌ಎಸ್, ಅಂದರೆ ಪುಟದ ಬಣ್ಣ, ಅಳತೆ ಹೇಳುವ ಭಾಷೆ. (ಪಗ್‌ಗೆ ಮೊದಲು ಜೇಡ್ ಅಂತ ಹೆಸರಿತ್ತು, ಟ್ರೇಡ್‌ಮಾರ್ಕ್ ತಕರಾರಿನಿಂದ ಬದಲಾಯಿತು. ಹಳೆಯ ಉತ್ತರ ಬೇಕಿದ್ದರೆ ಜೇಡ್ ಅಂತಲೂ ಹುಡುಕಿ.)

ಮೊದಲ ಕೆಲವು ತಿಂಗಳು ಖುಷಿಯೋ ಖುಷಿ. ಡಿವ್ ಅಂತ ಬರೆಯೋದೂ ಬೇಡ, ಚುಕ್ಕೆ ಇಟ್ಟು ಕ್ಲಾಸ್ ಹೆಸರು ಬರೆದರೆ ಸಾಕು. ಯಾವುದು ಯಾವುದರ ಒಳಗಿದೆ ಅನ್ನೋದನ್ನು ಸಾಲಿನ ಮುಂದೆ ಬಿಟ್ಟ ಜಾಗವೇ ಹೇಳುತ್ತದೆ. ಮೆನು, ಕಾರ್ಡ್, ಫಾರ್ಮ್ ಇಂಥವಕ್ಕೆ ತುಂಬಾ ಹಾಯಾಗಿತ್ತು.

ಪುಟದಲ್ಲಿ ಮಾತು ಜಾಸ್ತಿ ಆದಾಗ ಕಷ್ಟ ಶುರುವಾಯಿತು. ಒಂದು ಪ್ಯಾರಾ, ಅದರ ನಡುವೆ ಒಂದು ಲಿಂಕ್, ಎರಡು ದಪ್ಪಕ್ಷರದ ಪದ ಅಂದುಕೊಳ್ಳಿ. ಎಚ್‌ಟಿಎಮ್‌ಎಲ್‌ನಲ್ಲಿ ಇದನ್ನು ಒಂದೇ ಉಸಿರಿಗೆ ಬರೆದುಬಿಡಬಹುದು. ಪಗ್‌ನಲ್ಲಿ ಐದಾರು ಸಾಲಿಗೆ ಕತ್ತರಿಸಿ, ಬರೀ ಮಾತಿರುವ ಸಾಲಿನ ಮುಂದೆಲ್ಲ ಒಂದು ಉದ್ದಗೆರೆ ಹಾಕಬೇಕು, ಇಲ್ಲದಿದ್ದರೆ ಹ್ಯಾಷ್ ಇಟ್ಟು ಚೌಕ ಬ್ರಾಕೆಟ್ ಒಳಗೆ ಟ್ಯಾಗ್ ತುರುಕಬೇಕು. ಉದ್ದಗೆರೆಯ ದಾರಿ ಹಿಡಿದರೆ ಮಾತಿನ ಸಾಲಿಗೂ ಟ್ಯಾಗ್‌ಗೂ ನಡುವೆ ಜಾಗ ಉಳಿಯೋದಿಲ್ಲ, ಲಿಂಕ್ ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತದೆ. ನಾನು ಸಾಲಿನ ಕೊನೆಗೆ ಒಂದು ಸ್ಪೇಸ್ ಹಾಕಿ ಸರಿ ಮಾಡಿದೆ. ನೋಡಿದರೆ ಮತ್ತೆ ಅಂಟಿದೆ! ಸೇವ್ ಮಾಡಿದಾಗಲೆಲ್ಲ ಸಾಲಿನ ಕೊನೆಯ ಸ್ಪೇಸ್‌ಗಳನ್ನು ಗುಡಿಸಿಹಾಕು ಅಂತ ನನ್ನ ಎಡಿಟರ್‌ಗೆ ನಾನೇ ಹೇಳಿಟ್ಟಿದ್ದೆ. ಇದು ಹೊಳೆಯೋಕೆ ಅರ್ಧ ದಿನ ಹೋಯಿತು. ನಡುವೆ ಬರೀ ಉದ್ದಗೆರೆಯ ಒಂದು ಖಾಲಿ ಸಾಲು ಇಡಿ ಅಂತ ಕೈಪಿಡಿಯಲ್ಲೇ ಇದೆ, ಓದಿದ್ದರೆ ತಾನೇ.

ಇನ್ನು ಆ ಫೂಟರ್ ಕಥೆ. ಪಗ್‌ಗೆ ಬಂದ ಮೇಲೂ ಅದು ಒಂದು ಸಲ ಕೊನೆಯ ಕಾರ್ಡಿನ ಒಳಗೆ ಹೋಗಿ ಕೂತಿತ್ತು. ಬೇರೆ ಕಡೆಯಿಂದ ತಂದು ಅಂಟಿಸಿದ ತುಂಡು ಎರಡು ಸ್ಪೇಸ್ ಒಳಗೆ ಸರಿದಿತ್ತು, ಅಷ್ಟೇ. ಪಗ್ ಏನೂ ಹೇಳಲಿಲ್ಲ, ಅದರ ಲೆಕ್ಕದಲ್ಲಿ ಹಾಗೆ ಬರೆದರೂ ಸರಿಯೇ.

ಸಾಸ್ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ಪಗ್ ಥರಾನೇ ಬ್ರಾಕೆಟ್ ಇಲ್ಲದ ಹಳೆಯ ಶೈಲಿಯಲ್ಲಿ ಶುರು ಮಾಡಿ, ಎರಡೇ ತಿಂಗಳಲ್ಲಿ ಸಾಸ್‌ನದ್ದೇ ಬ್ರಾಕೆಟ್ ಇರುವ ಶೈಲಿ ಎಸ್‌ಸಿಎಸ್‌ಎಸ್‌ಗೆ ಬಂದೆ. ಯಾವ ಸಿಎಸ್‌ಎಸ್ ತಂದು ಅಂಟಿಸಿದರೂ ಅದು ಹಾಗೇ ಒಪ್ಪಿಕೊಳ್ಳುತ್ತದೆ. ಆದರೆ ಒಂದರೊಳಗೊಂದು ಬರೆಯುವ ಸೌಲಭ್ಯ ಇದೆ ನೋಡಿ, ಅದು ಚಟ. ಪುಟ, ಅದರೊಳಗೆ ಕಾರ್ಡ್, ಅದರೊಳಗೆ ಪಟ್ಟಿ, ಅದರೊಳಗೆ ಲಿಂಕ್ ಅಂತ ನಾನು ಆರು ಹಂತ ಇಳಿದಿದ್ದೆ. ಆಮೇಲೆ ಆ ಲಿಂಕಿನ ಬಣ್ಣ ಬದಲಿಸೋಕೆ ಹೋದರೆ ಒಂದು ಕ್ಲಾಸ್ ಹಾಕಿದರೆ ಸಾಲದು, ಅಷ್ಟೇ ಉದ್ದದ ಸೆಲೆಕ್ಟರ್ (ಯಾವುದಕ್ಕೆ ಅನ್ವಯ ಅಂತ ಹೇಳುವ ಭಾಗ) ಬೇಕು. ಈಗ ಎರಡು ಹಂತಕ್ಕಿಂತ ಒಳಗೆ ಹೋಗೋದಿಲ್ಲ.

ನಿಜವಾದ ತಲೆನೋವಾಗಿದ್ದದ್ದು ನೋಡ್-ಸಾಸ್, ಅಂದರೆ ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಮೂಲಕ ಸಾಸ್ ಕಂಪೈಲ್ ಮಾಡುವ ಉಪಕರಣ. ನೋಡ್‌ನ ಆವೃತ್ತಿ ಬದಲಾದರೆ ಅದಕ್ಕೆ ಹೊಂದುವ ನೋಡ್-ಸಾಸ್ ಬೇಕು, ಇಲ್ಲದಿದ್ದರೆ ಪೈಥಾನ್ ಬೇಕು, ಸಿ++ ಕಂಪೈಲರ್ ಬೇಕು ಅಂತ ಹಟ. 2020ರಲ್ಲಿ ಅದರ ಒಳಗಿದ್ದ ಲಿಬ್‌ಸಾಸ್ ಎಂಜಿನ್ ಅನ್ನೇ ಕೈಬಿಡುತ್ತೇವೆ ಅಂತ ಘೋಷಿಸಿದರು. ಅದರ ಬದಲಿಗಿರುವ ಡಾರ್ಟ್ ಸಾಸ್‌ಗೆ ಬಂದ ಮೇಲೆ ಆ ಕಾಟ ಇಲ್ಲ, ಎಚ್ಚರಿಕೆಗಳ ಕಾಟ ಇದೆ. 2021ರಲ್ಲಿ ಓರೆಗೆರೆ ಹಾಕಿ ಭಾಗಾಕಾರ ಮಾಡಬೇಡಿ ಅಂತ ಶುರುವಾಯಿತು, 2024ರಲ್ಲಿ ಬೇರೆ ಫೈಲ್ ತರೋಕೆ ಇಂಪೋರ್ಟ್ ಬೇಡ, ಯೂಸ್ ಬಳಸಿ ಅಂದರು. ತಿದ್ದೋಕೆ ಮೈಗ್ರೇಟರ್ ಅಂತ ಅವರದ್ದೇ ಉಪಕರಣ ಇದೆ, ನನ್ನ ಫೈಲುಗಳಲ್ಲಿ ಬಹುಪಾಲು ಅದೇ ಸರಿ ಮಾಡಿತು.

ಸಾಸ್ ವೇರಿಯಬಲ್ (ಬಣ್ಣದಂಥ ಬೆಲೆಗೆ ಇಡುವ ಹೆಸರು) ಬಿಟ್ಟು ಬಹಳ ದಿನ ಆಯಿತು. ಕಂಪೈಲ್ ಆದ ಮೇಲೆ ಅವು ಇರೋದೇ ಇಲ್ಲ, ಬ್ರೌಸರ್‌ಗೆ ಕಾಣೋದು ಬರೀ ಬೆಲೆ. ಡಾರ್ಕ್ ಥೀಮ್ ಮಾಡೋಕೆ ಸಿಎಸ್‌ಎಸ್‌ನ ಸ್ವಂತ ವೇರಿಯಬಲ್ಲೇ ವಾಸಿ. ಒಂದರೊಳಗೊಂದು ಬರೆಯೋದೂ 2023ರಿಂದ ಬ್ರೌಸರ್‌ಗಳಲ್ಲೇ ಬಂದಿದೆ. ಆದರೂ ಮಿಕ್ಸಿನ್‌ಗೆ (ಮತ್ತೆ ಮತ್ತೆ ಬಳಸುವ ತುಂಡು), ಲೂಪ್‌ಗೆ ಸಾಸ್ ಬೇಕೇ ಬೇಕು.

ಇದೆಲ್ಲದರ ಪಕ್ಕದಲ್ಲಿ ಸುಮ್ನೆ ಕೆಲಸ ಮಾಡುತ್ತಾ ಇದ್ದದ್ದು ಎಮೆಟ್, ಎಡಿಟರ್‌ನಲ್ಲಿ ಚುಟುಕು ಬರೆದರೆ ಪೂರ್ತಿ ಕೋಡ್ ಬರೆದುಕೊಡುವ ಉಪಕರಣ. ಯುಎಲ್ ಅಂತ ಬರೆದು, ದೊಡ್ಡದು ಅನ್ನುವ ಗುರುತು (>) ಹಾಕಿ, ಎಲ್‌ಐ, ನಕ್ಷತ್ರ, 5. ಟ್ಯಾಬ್ ಒತ್ತಿದರೆ ಐದು ಸಾಲಿನ ಪಟ್ಟಿ ತಯಾರು, ಮುಚ್ಚುವ ಟ್ಯಾಗ್ ಸಮೇತ. ಸಿಎಸ್‌ಎಸ್‌ನಲ್ಲಿ ಎಮ್ ಅಕ್ಷರ, ಪಕ್ಕದಲ್ಲಿ 10 ಬರೆದು ಟ್ಯಾಬ್ ಒತ್ತಿದರೆ 10 ಪಿಕ್ಸೆಲ್ ಮಾರ್ಜಿನ್. ಫೈಲಿನಲ್ಲಿ ಉಳಿಯೋದು ಎಲ್ಲರಿಗೂ ಗೊತ್ತಿರುವ ಎಚ್‌ಟಿಎಮ್‌ಎಲ್, ಸಿಎಸ್‌ಎಸ್. ಕಂಪೈಲ್ ಇಲ್ಲ, ಆವೃತ್ತಿ ಜಗಳ ಇಲ್ಲ, ನನ್ನ ನಂತರ ಬರುವವರು ಹೊಸದೇನನ್ನೂ ಕಲಿಯಬೇಕಿಲ್ಲ. ನನಗೆ ಬೇಜಾರಿದ್ದದ್ದು ಟೈಪ್ ಮಾಡೋದರಲ್ಲಿ ಮಾತ್ರ, ಅದಕ್ಕೆ ಇಷ್ಟೇ ಸಾಕಿತ್ತು.

ಪಗ್ ಫೈಲುಗಳನ್ನು ಈಗ ಒಂದೊಂದಾಗಿ ಕಂಪೈಲ್ ಮಾಡಿ, ಬಂದ ಎಚ್‌ಟಿಎಮ್‌ಎಲ್ ಅನ್ನೇ ಇಟ್ಟುಕೊಳ್ಳುತ್ತಿದ್ದೇನೆ. ನೀವೂ ಮಾಡೋದಾದರೆ ಫಾರ್ಮ್ಯಾಟರ್ ಹತ್ತಿರ ಇಟ್ಟುಕೊಳ್ಳಿ, ಇಡೀ ಪುಟವನ್ನು ಪಗ್ ಒಂದೇ ಸಾಲಿನಲ್ಲಿ ಉಗುಳುತ್ತದೆ.